ಡೈಕಿರಿ: ಒಂದು ಲೋಟದಲ್ಲಿ ಐನೂರು ವರ್ಷ

ತಿನಿಸಿನ ಜತೆಗೆ ಊರಿನ ಹೆಸರೂ ನಾಲಗೆಯ ಮೇಲೆ ಉಳಿಯುವುದು ನಮಗೇನೂ ಹೊಸದಲ್ಲ. ಧಾರವಾಡ ಎಂದೊಡನೆ ಪೇಡೆ, ಗೋಕಾಕ ಎಂದೊಡನೆ ಕರದಂಟು, ದಾವಣಗೆರೆ ಎಂದೊಡನೆ ಬೆಣ್ಣೆದೋಸೆ ನೆನಪಾಗುತ್ತವೆ. ಆದರೆ ಊರು ಎಲ್ಲಿದೆಯೆಂದು ಹೆಚ್ಚಿನವರಿಗೆ ಗೊತ್ತಿಲ್ಲ, ಅದರ ಹೆಸರು ಹೊತ್ತ ಪಾನೀಯ ಮಾತ್ರ ಜಗತ್ತಿನ ದೊಡ್ಡ ಹೋಟೆಲುಗಳ ಮೆನುವಿನಲ್ಲೆಲ್ಲ ಇದೆ ಎಂದರೆ? ಅಂಥದೊಂದು ಊರು ಕ್ಯೂಬಾ ದೇಶದ ಆಗ್ನೇಯ ಕರಾವಳಿಯಲ್ಲಿದೆ. ಅದರ ಹೆಸರು ಡೈಕಿರಿ.

ರಮ್, ನಿಂಬೆರಸ, ಸಕ್ಕರೆ. ಈ ಮೂರನ್ನು ಐಸಿನೊಂದಿಗೆ ಚೆನ್ನಾಗಿ ಕುಲುಕಿ ಸೋಸಿದರೆ ಡೈಕಿರಿ ಎಂಬ ಕಾಕ್‌ಟೇಲ್ ಸಿದ್ಧ. ಇಷ್ಟು ಸರಳವಾದ ಪಾನೀಯವೊಂದು ನೂರಕ್ಕೂ ಹೆಚ್ಚು ವರ್ಷಗಳಿಂದ ಹೆಸರು ಉಳಿಸಿಕೊಂಡು ಬಂದಿದೆ.

ವಿದ್ಯಾರ್ಥಿಗಳೂ ಅವರ ತಂದೆ-ತಾಯಂದಿರೂ ಓದುವ ಪುಟದಲ್ಲಿ ಮದ್ಯದ ಮಾತೇಕೆ ಎಂದು ಹುಬ್ಬೇರಿಸಬೇಡಿ. ಈ ಲೋಟವನ್ನು ಕುಡಿಯಬೇಕಾಗಿಲ್ಲ, ಓದಿದರೆ ಸಾಕು. ಪಠ್ಯಪುಸ್ತಕಗಳಲ್ಲಿ ಬೇರೆಬೇರೆ ಅಧ್ಯಾಯಗಳಿಗೆ ಹಂಚಿಹೋಗಿರುವ ಕೊಲಂಬಸನ ಯಾನ, ಗುಲಾಮರ ವ್ಯಾಪಾರ, ವಿಟಮಿನ್ ಸಿ, ಐಸಿನ ಗುಪ್ತೋಷ್ಣ ಎಲ್ಲವೂ ಇದರಲ್ಲಿ ಒಟ್ಟಿಗೆ ಸಿಗುತ್ತವೆ. ಜತೆಗೊಂದು ಪ್ರಶ್ನೆಯೂ ಇದೆ. ಹೊಸ ರುಚಿಯೊಂದು ಹುಟ್ಟಿದಾಗ ಯಾರ ಹೆಸರು ಉಳಿಯುತ್ತದೆ? ಯಾರ ಹೆಸರು ಅಳಿಯುತ್ತದೆ?

ಎಂಜಿನಿಯರ್ ಸಾಹೇಬನ ಕಥೆ

ಎಲ್ಲೆಡೆ ಹೇಳುವ ಕಥೆ ಹೀಗಿದೆ. 1898ರ ಆಸುಪಾಸು. ಸಾಂಟಿಯಾಗೊ ನಗರದಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿದ್ದ ಡೈಕಿರಿಯ ಸುತ್ತ ಕಬ್ಬಿಣದ ಅದಿರಿನ ಗಣಿಗಳು. ಅಲ್ಲಿ ಜೆನ್ನಿಂಗ್ಸ್ ಕಾಕ್ಸ್ ಎಂಬ ಅಮೆರಿಕನ್ ಎಂಜಿನಿಯರ್ ಕೆಲಸದಲ್ಲಿದ್ದ. ಒಂದು ಸಂಜೆ ಅವನ ಮನೆಗೆ ಅತಿಥಿಗಳು ಬಂದರು. ನೋಡಿದರೆ ಜಿನ್ ಮುಗಿದುಹೋಗಿದೆ! ಅಲ್ಲಿ ಧಾರಾಳವಾಗಿ ಸಿಗುತ್ತಿದ್ದುದು ಊರಿನ ರಮ್. ಅದನ್ನು ಬರಿದೇ ಕೊಟ್ಟರೆ ಅತಿಥಿಗಳು ಮುಖ ಸಿಂಡರಿಸಿಯಾರು ಎಂದು ಕಾಕ್ಸ್ ಅದಕ್ಕೆ ನಿಂಬೆ ಹಿಂಡಿ, ಸಕ್ಕರೆ ಬೆರೆಸಿ, ಐಸು ಹಾಕಿ ಕೊಟ್ಟ. ಎಲ್ಲರಿಗೂ ಹಿಡಿಸಿತು. ಹೆಸರೇನು ಎಂದಾಗ ಊರಿನ ಹೆಸರನ್ನೇ ಇಟ್ಟರು.

ಕಾಕ್ಸ್ ಬರೆದದ್ದೆಂದು ಹೇಳಲಾಗುವ ಒಂದು ಕೈಬರಹದ ಚೀಟಿಯೂ ಉಳಿದಿದೆ. ಆರು ಜನರಿಗೆ ಆರು ನಿಂಬೆಹಣ್ಣಿನ ರಸ, ಆರು ಚಮಚ ಸಕ್ಕರೆ, ಆರು ಕಪ್ಪು ರಮ್, ಎರಡು ಸಣ್ಣ ಕಪ್ಪು ಮಿನರಲ್ ವಾಟರ್, ಪುಡಿ ಮಾಡಿದ ಐಸು ಬೇಕಾದಷ್ಟು. ಅಡುಗೆಮನೆಯ ಗೋಡೆಗೆ ಅಂಟಿಸಿದ ಚೀಟಿಯಂತೆ ಸರಳವಾಗಿದೆ, ಅಲ್ಲವೆ?

ಆ ವರ್ಷ ಡೈಕಿರಿಗೆ ಇನ್ನೊಂದು ಕಾರಣಕ್ಕೂ ಹೆಸರು ಬಂತು. ಸ್ಪೇನ್ ಮತ್ತು ಅಮೆರಿಕದ ನಡುವೆ ಯುದ್ಧ ಹೊತ್ತಿಕೊಂಡಿತ್ತು. 1898ರ ಜೂನ್ 22ರಂದು ಅಮೆರಿಕದ ಸೇನೆ ಕ್ಯೂಬಾದ ನೆಲಕ್ಕೆ ಇಳಿದದ್ದು ಇದೇ ಡೈಕಿರಿಯ ತೀರದಲ್ಲಿ. ಹಾಗೆ ಇಳಿದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಇದ್ದ. ಯುದ್ಧ ಮುಗಿದು ಸ್ಪೇನ್ ಹೊರಬಿದ್ದಾಗ ಗಣಿ, ಗಿರಣಿ, ರೈಲುಗಳಲ್ಲಿ ಅಮೆರಿಕದ ಬಂಡವಾಳ ಬಲವಾಗಿ ಬೇರುಬಿಟ್ಟಿತು. ಬಂಡವಾಳದ ಜತೆ ಮನುಷ್ಯರು ಬಂದರು. ಮನುಷ್ಯರು ಮರಳುವಾಗ ರುಚಿಯನ್ನೂ ಕೊಂಡೊಯ್ದರು. ನೌಕಾಪಡೆಯ ವೈದ್ಯಾಧಿಕಾರಿ ಲೂಷಿಯಸ್ ಜಾನ್ಸನ್ 1909ರಲ್ಲಿ ಈ ಪಾನೀಯವನ್ನು ವಾಷಿಂಗ್ಟನ್ನಿನ ಸೇನಾಧಿಕಾರಿಗಳ ಕ್ಲಬ್ಬಿಗೆ ಪರಿಚಯಿಸಿದನೆಂದು ಹೇಳುತ್ತಾರೆ. 1920ರಲ್ಲಿ ಪ್ರಕಟವಾದ ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್‌ನ ಮೊದಲ ಕಾದಂಬರಿಯಲ್ಲಿ ಡೈಕಿರಿಯ ಹೆಸರು ಬರುತ್ತದೆ. ಗಣಿಯ ಊರಿನಿಂದ ಕಾದಂಬರಿಯ ಪುಟಕ್ಕೆ ಸುಮಾರು ಇಪ್ಪತ್ತು ವರ್ಷಗಳ ಪಯಣ.

ಕಥೆ ಸೊಗಸಾಗಿದೆ. ಆದರೆ ಕಾಕ್ಸ್‌ನ ಮೇಜಿನ ಮೇಲಿದ್ದ ಸಾಮಾನುಗಳನ್ನೊಮ್ಮೆ ನೋಡಿ. ನಿಂಬೆಯೂ ಕಬ್ಬೂ ಆ ದ್ವೀಪದಲ್ಲಿ ಹುಟ್ಟಿದವಲ್ಲ. ಎರಡೂ ನಮ್ಮ ಕಡೆಯಿಂದ ಹೋದವು!

ಶರ್ಕರೆಯ ಪಯಣ

ಕಬ್ಬನ್ನು ಮನುಷ್ಯ ಮೊದಲು ಬೆಳೆಸಿದ್ದು ಸಾವಿರಾರು ವರ್ಷಗಳ ಹಿಂದೆ ನ್ಯೂಗಿನಿ ದ್ವೀಪದಲ್ಲಿ. ಆದರೆ ಅದರ ರಸವನ್ನು ಕಾಯಿಸಿ ಹರಳು ಮಾಡುವ ವಿದ್ಯೆ ಬೆಳೆದದ್ದು ಭಾರತದಲ್ಲಿ. ಮರಳಿನ ಕಣದಂತಿದ್ದ ಆ ಹರಳಿಗೆ ಸಂಸ್ಕೃತದಲ್ಲಿ ‘ಶರ್ಕರಾ’ ಎಂದರು. ಅದೇ ಕನ್ನಡದಲ್ಲಿ ಸಕ್ಕರೆ. ಪರ್ಷಿಯಾದಲ್ಲಿ ‘ಶಕರ್’, ಅರಬರಲ್ಲಿ ‘ಸುಕ್ಕರ್’, ಸ್ಪೇನಿನಲ್ಲಿ ‘ಅಸೂಕಾರ್’, ಇಂಗ್ಲಿಷಿನಲ್ಲಿ ‘ಶುಗರ್’ ಆದದ್ದೂ ಅದೇ. ನಾವು ಕಲ್ಲುಸಕ್ಕರೆಗೆ ಹೇಳುವ ‘ಖಂಡ’ ಶಬ್ದ ‘ಕ್ಯಾಂಡಿ’ ಆಯಿತು. ಶಬ್ದ ನಡೆದ ದಾರಿಯಲ್ಲೇ ಸಾಮಾನೂ ನಡೆಯಿತು.

ಕೊಲಂಬಸ್ 1493ರಲ್ಲಿ ತನ್ನ ಎರಡನೇ ಯಾನಕ್ಕೆ ಹೊರಟಾಗ ಆಫ್ರಿಕದ ತೀರದ ಕೆನರಿ ದ್ವೀಪಗಳಿಂದ ಕಬ್ಬಿನ ತುಂಡುಗಳನ್ನೂ ನಿಂಬೆ-ಕಿತ್ತಳೆ ಜಾತಿಯ ಹಣ್ಣುಗಳ ಬೀಜಗಳನ್ನೂ ಹಡಗಿಗೆ ಹಾಕಿಕೊಂಡ. ಕೆರಿಬಿಯನ್ ದ್ವೀಪಗಳ ಮಣ್ಣು, ಮಳೆ, ಬಿಸಿಲು ಎರಡಕ್ಕೂ ಒಗ್ಗಿದವು. ಇಂದು ಕ್ಯೂಬಾದಲ್ಲಿ ಡೈಕಿರಿಗೆ ಹಿಂಡುವ ತೆಳುಸಿಪ್ಪೆಯ ಸಣ್ಣ ನಿಂಬೆ, ನಮ್ಮ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಕಾಗ್ಜಿ ನಿಂಬೆ ಎರಡೂ ಒಂದೇ ಜಾತಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಯೂ ಅದೇ ಕುಲದ್ದು.

ಇನ್ನೂ ಒಂದು ಸ್ವಾರಸ್ಯವಿದೆ. ಮದ್ಯಕ್ಕೆ ಹುಳಿ, ಸಿಹಿ, ನೀರು, ಮಸಾಲೆ ಬೆರೆಸುವ ‘ಪಂಚ್’ ಎಂಬ ಪಾನೀಯದ ಹೆಸರು ನಮ್ಮ ‘ಪಂಚ’ದಿಂದ, ಅಂದರೆ ಐದು ಸಾಮಾನುಗಳ ಲೆಕ್ಕದಿಂದ ಬಂತೆಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ವಿವರಣೆ. ಆ ಶಬ್ದ ಮೊದಲು ಕಾಣಸಿಗುವುದು 1632ರಲ್ಲಿ ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ ಬರೆದ ಪತ್ರದಲ್ಲಿ. ಇಲ್ಲಿ ಅವರು ಬೆರೆಸುತ್ತಿದ್ದುದು ಸಾರಾಯಿ. ಕೆರಿಬಿಯನ್ನಿನಲ್ಲಿ ಅದರ ಜಾಗಕ್ಕೆ ರಮ್ ಬಂತು. ಹೀಗೆ ನೋಡಿದರೆ ಡೈಕಿರಿಯ ಮುತ್ತಜ್ಜಿಯೊಬ್ಬಳು ನಮ್ಮ ಕರಾವಳಿಯವಳು ಎನ್ನಬಹುದು.

ಸಿಹಿಗೆ ತೆತ್ತ ಬೆಲೆ

ಇಲ್ಲಿಂದ ಮುಂದೆ ಕಥೆ ಕಹಿಯಾಗುತ್ತದೆ. ಕಬ್ಬು ಕಡಿದ ಮೇಲೆ ಕಾಯುವ ಬೆಳೆಯಲ್ಲ. ಕಡಿದ ಒಂದೆರಡು ದಿನಗಳಲ್ಲೇ ಗಾಣಕ್ಕೆ ಹಾಕಬೇಕು, ಇಲ್ಲವಾದರೆ ರಸ ಕೆಡುತ್ತದೆ. ಹಾಗಾಗಿ ಸುಗ್ಗಿಯ ಕಾಲದಲ್ಲಿ ಹಗಲಿರುಳೂ ದುಡಿಯುವ ಕೈಗಳು ಬೇಕಿದ್ದವು. ಕೆರಿಬಿಯನ್ನಿನ ಮೂಲನಿವಾಸಿಗಳಲ್ಲಿ ಬಹುಪಾಲು ಜನ ಯೂರೋಪಿಯನ್ನರು ತಂದ ರೋಗಗಳಿಗೂ ದೌರ್ಜನ್ಯಕ್ಕೂ ಬಲಿಯಾಗಿದ್ದರು. ಆಗ ತೋಟದ ಒಡೆಯರ ಕಣ್ಣು ಆಫ್ರಿಕದ ಮೇಲೆ ಬಿತ್ತು.

ಸುಮಾರು ಮೂರೂವರೆ ಶತಮಾನಗಳಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಲು ಹಡಗು ಹತ್ತಿಸಿದ ಆಫ್ರಿಕನ್ನರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಜೀವಂತವಾಗಿ ದಡ ಸೇರಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದ ಹದಿನೆಂಟು ಲಕ್ಷ ಜನ ದಾರಿಯಲ್ಲೇ ಸತ್ತರು. ಬದುಕಿ ಬಂದವರಲ್ಲಿ ದೊಡ್ಡ ಪಾಲು ಕಬ್ಬಿನ ತೋಟಗಳಿಗೇ ಹೋಯಿತು. ರಾತ್ರಿ ಪಾಳಿಯಲ್ಲಿ ತೂಕಡಿಸುತ್ತ ಗಾಣದ ಉರುಳೆಗೆ ಕಬ್ಬು ಕೊಡುವಾಗ ಕೈ ಸಿಕ್ಕಿಕೊಂಡರೆ ತೋಳನ್ನೇ ಕಡಿದು ಪ್ರಾಣ ಉಳಿಸಲು ಪಕ್ಕದಲ್ಲಿ ಒಂದು ಕೊಡಲಿಯನ್ನು ಇಟ್ಟಿರುತ್ತಿದ್ದರು ಎಂಬುದನ್ನು ಆ ಕಾಲದ ಬರಹಗಳಲ್ಲಿ ಓದಿದರೆ ಮೈ ಜುಮ್ಮೆನ್ನುತ್ತದೆ.

ಪಕ್ಕದ ಹೈಟಿಯಲ್ಲಿ 1791ರಲ್ಲಿ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರ ದೇಶವನ್ನೇ ಕಟ್ಟಿದರು. ಅಲ್ಲಿನ ಸಕ್ಕರೆ ಉದ್ಯಮ ಕುಸಿದಾಗ ಆ ಮಾರುಕಟ್ಟೆ ಕ್ಯೂಬಾದ ಪಾಲಾಯಿತು. ಹತ್ತೊಂಬತ್ತನೇ ಶತಮಾನದ ನಡುವಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ಮಾಡುವ ನಾಡು ಅದಾಗಿತ್ತು. ಅದಕ್ಕಾಗಿ ಏಳೆಂಟು ಲಕ್ಷ ಆಫ್ರಿಕನ್ನರನ್ನು ಆ ಒಂದೇ ದ್ವೀಪಕ್ಕೆ ತಂದಿದ್ದರು. 1847ರಿಂದ 1874ರವರೆಗೆ ಕರಾರಿನ ಮೇಲೆ ಚೀನಾದಿಂದ ಒಂದು ಲಕ್ಷಕ್ಕೂ ಹೆಚ್ಚು ಕೂಲಿಗಳು ಬಂದರು. ಕ್ಯೂಬಾದಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1886ರಲ್ಲಿ. ಕಾಕ್ಸ್ ಅತಿಥಿಗಳಿಗೆ ಸಕ್ಕರೆ ಬೆರೆಸಿದ್ದಕ್ಕೆ ಬರೀ ಹನ್ನೆರಡು ವರ್ಷ ಮೊದಲು!

ಭಾರತೀಯರೂ ಈ ಸಂಕಟದ ಹೊರಗೆ ಉಳಿಯಲಿಲ್ಲ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಂತಾಗ 1838ರಿಂದ ಗಯಾನಕ್ಕೂ 1845ರಿಂದ ಟ್ರಿನಿಡಾಡಿಗೂ ನಮ್ಮ ದೇಶದ ಕೂಲಿಗಳನ್ನು ಕಬ್ಬಿನ ತೋಟಗಳಿಗೆ ಸಾಗಿಸಿದರು. ಶರ್ಕರೆ ಎಂಬ ಹೆಸರು ಕೊಟ್ಟ ನಾಡಿನವರೇ ಅದರ ಬೆನ್ನಹಿಂದೆ ಏಳು ಸಮುದ್ರ ದಾಟಬೇಕಾಯಿತು.

ಆಗ ಈ ಅನ್ಯಾಯವನ್ನು ಕೇಳುವವರೇ ಇರಲಿಲ್ಲವೆ? ಇದ್ದರು. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಿದ್ದುಹೋದಾಗ ಲಕ್ಷಗಟ್ಟಲೆ ಇಂಗ್ಲಿಷ್ ಕುಟುಂಬದವರು ಕೆರಿಬಿಯನ್ ಸಕ್ಕರೆ ಕೊಳ್ಳುವುದನ್ನೇ ಬಿಟ್ಟರು. ಆ ಬಹಿಷ್ಕಾರದಲ್ಲಿ ಮುಂದೆ ನಿಂತವರು ಮನೆಯ ಹೆಂಗಸರು. ಪಾರ್ಲಿಮೆಂಟಿನಲ್ಲಿ ಅವರಿಗೆ ಮತ ಇರಲಿಲ್ಲ, ಆದರೆ ಸಕ್ಕರೆ ಡಬ್ಬಿ ಅವರ ಕೈಯಲ್ಲಿತ್ತು.

ಕಾಕಂಬಿಯಿಂದ ರಮ್

ಸಕ್ಕರೆ ಹರಳು ಬೇರ್ಪಟ್ಟ ಮೇಲೆ ಕಪ್ಪಗೆ, ಅಂಟಾಗಿ ಉಳಿಯುವುದೇ ಕಾಕಂಬಿ. ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನೇಳನೇ ಶತಮಾನದಲ್ಲಿ ಬಾರ್ಬಡೋಸ್ ಮುಂತಾದ ದ್ವೀಪಗಳಲ್ಲಿ ಈ ಕಾಕಂಬಿಗೆ ನೀರು ಬೆರೆಸಿ ಹುದುಗು ಬರಿಸಿ ಭಟ್ಟಿ ಇಳಿಸಲು ಆರಂಭಿಸಿದರು. ಕಾಕಂಬಿಯಲ್ಲಿ ಉಳಿದ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಆಲ್ಕೋಹಾಲು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ನಮ್ಮ ಮನೆಯ ದೋಸೆ ಹಿಟ್ಟು ಉಬ್ಬುವುದರಲ್ಲೂ ಇಂಥ ಸೂಕ್ಷ್ಮಜೀವಿಗಳದೇ ಕೈವಾಡ. ಭಟ್ಟಿಯಿಂದ ಇಳಿದದ್ದು ರಮ್. ಮೊದಲಿಗೆ ಅದು ಎಷ್ಟು ಒರಟಾಗಿತ್ತೆಂದರೆ ಅದಕ್ಕೆ ‘ದೆವ್ವ ಕೊಲ್ಲುವುದು’ ಎಂಬ ಅಡ್ಡಹೆಸರೇ ಇತ್ತು!

ಆ ಒರಟುತನವನ್ನು ತೆಗೆದವರಲ್ಲಿ ಪ್ರಮುಖ ಹೆಸರು ಫಾಕುಂಡೊ ಬಕಾರ್ಡಿ. ಸ್ಪೇನಿನ ಕ್ಯಾಟಲೋನಿಯಾದಿಂದ ಕ್ಯೂಬಾಕ್ಕೆ ವಲಸೆ ಬಂದ ವ್ಯಾಪಾರಿ ಆತ. 1862ರಲ್ಲಿ ಸಾಂಟಿಯಾಗೊದಲ್ಲಿ ಭಟ್ಟಿ ಕೊಂಡು, ಇದ್ದಿಲಿನಲ್ಲಿ ಸೋಸಿ, ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸಿ, ತಿಳಿಯಾದ ಹಗುರ ರಮ್ ತಯಾರಿಸಿದ. ಕಾಕ್ಸ್‌ನ ಚೀಟಿಯಲ್ಲಿ ಇರುವುದೂ ಅದೇ ಬಿಳಿ ರಮ್. ಈ ಹಗುರ ರಮ್ ಮಾಡುವ ಕ್ಯೂಬಾದ ಕುಶಲಿಗಳ ಪರಂಪರೆಯನ್ನು ಯುನೆಸ್ಕೊ 2022ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಡಗಿನ ಮೇಲೆ ನಿಂಬೆ

ರಮ್ಮಿಗೆ ನಿಂಬೆ ಜತೆಯಾದದ್ದು ಹೇಗೆ? ಇದಕ್ಕೆ ಬ್ರಿಟಿಷ್ ನೌಕಾಪಡೆಯತ್ತ ತಿರುಗಬೇಕು. ಅಲ್ಲಿ ನಾವಿಕನೊಬ್ಬನಿಗೆ ದಿನಕ್ಕೆ ಅರ್ಧ ಪೈಂಟ್, ಅಂದರೆ ಹತ್ತಿರ ಹತ್ತಿರ ಕಾಲು ಲೀಟರ್ ರಮ್ ಪಡಿ ಇತ್ತು. ಅದನ್ನು ಬರಿದೇ ಕುಡಿದು ನಾವಿಕರು ಹಡಗಿನ ಮೇಲೆ ಉರುಳಾಡುವುದು ಸಾಮಾನ್ಯವಾಗಿತ್ತು. ಬೇಸತ್ತ ಅಡ್ಮಿರಲ್ ಎಡ್ವರ್ಡ್ ವೆರ್ನನ್ 1740ರ ಆಗಸ್ಟ್ 21ರಂದು ಒಂದು ಆಜ್ಞೆ ಹೊರಡಿಸಿದ. ರಮ್ಮಿಗೆ ನಾಲ್ಕು ಪಾಲು ನೀರು ಬೆರೆಸಿ ದಿನಕ್ಕೆರಡು ಸಲ ಹಂಚಬೇಕು. ಬೇಕಾದವರು ತಮ್ಮ ಸ್ವಂತ ಖರ್ಚಿನಲ್ಲಿ ಸಕ್ಕರೆ ಮತ್ತು ನಿಂಬೆ ಸೇರಿಸಿಕೊಳ್ಳಬಹುದು. ವೆರ್ನನ್ ತೊಡುತ್ತಿದ್ದ ‘ಗ್ರೋಗ್ರಮ್’ ಎಂಬ ಒರಟು ಬಟ್ಟೆಯ ಕೋಟಿನಿಂದ ಅವನಿಗೆ ‘ಮುದಿ ಗ್ರಾಗ್’ ಎಂದು ಹೆಸರಿತ್ತು. ಪಾನೀಯಕ್ಕೂ ‘ಗ್ರಾಗ್’ ಎಂಬ ಹೆಸರೇ ಬಂತು. ರಮ್, ನೀರು, ನಿಂಬೆ, ಸಕ್ಕರೆ. ಐಸೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಾಕ್ಸ್‌ನ ಚೀಟಿಯಲ್ಲಿ ಇರುವುದೇ! ಮರುವರ್ಷ ಇದೇ ವೆರ್ನನ್ ಸಾಂಟಿಯಾಗೊವನ್ನು ಗೆಲ್ಲಲು ಪಕ್ಕದ ಗ್ವಾಂಟನಮೊ ಕೊಲ್ಲಿಯಲ್ಲಿ ಸೈನ್ಯ ಇಳಿಸಿ, ಕಾಯಿಲೆಗೆ ಸೋತು ಹಿಂದಿರುಗಿದ.

ಆ ಕಾಲದ ನಾವಿಕರನ್ನು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಕೊಂದದ್ದು ಕಾಯಿಲೆಗಳು. ಅವುಗಳಲ್ಲಿ ಒಂದು ಸ್ಕರ್ವಿ. ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ತಿಂದವರ ಒಸಡು ಊದಿ ರಕ್ತ ಸುರಿಯುತ್ತಿತ್ತು, ಹಳೆಯ ಗಾಯಗಳು ಬಾಯಿ ಬಿಡುತ್ತಿದ್ದವು. 1747ರಲ್ಲಿ ‘ಸಾಲಿಸ್‌ಬರಿ’ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದು ಕೊಟ್ಟ. ಉಳಿದ ಆಹಾರ ಎಲ್ಲರಿಗೂ ಒಂದೇ. ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿ ಬೇಗನೆ ಚೇತರಿಸಿಕೊಂಡಿತು. ಹೋಲಿಕೆ ಮಾಡಿ ಪರೀಕ್ಷಿಸುವ ವೈದ್ಯಕೀಯ ಪ್ರಯೋಗಗಳ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಆದರೂ ನೌಕಾಪಡೆ ನಿಂಬೆರಸವನ್ನು ಪಡಿಯಲ್ಲಿ ಸೇರಿಸಿದ್ದು 1795ರಲ್ಲಿ. ಸತ್ಯ ಕೈಗೆ ಸಿಕ್ಕ ಮೇಲೂ ಅದು ಕಡತ ದಾಟಲು ನಲವತ್ತೆಂಟು ವರ್ಷ ಬೇಕಾಯಿತು!

ನಿಂಬೆಯಲ್ಲಿ ಇದ್ದದ್ದು ಏನೆಂದು ತಿಳಿಯಲು ಇನ್ನೂ ಕಾಲ ಹಿಡಿಯಿತು. ಹಂಗೆರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ವಿಟಮಿನ್ ಸಿ ಕುರಿತ ಸಂಶೋಧನೆಗಾಗಿ 1937ರಲ್ಲಿ ನೊಬೆಲ್ ಬಹುಮಾನ ಪಡೆದ. ಬ್ರಿಟಿಷ್ ನಾವಿಕರ ರಮ್ ಪಡಿ ಮಾತ್ರ 1970ರ ಜುಲೈ 31ರವರೆಗೂ ನಡೆದೇ ಇತ್ತು. ಯಂತ್ರಗಳನ್ನು ನಡೆಸುವ ಕೈ ನಡುಗಬಾರದೆಂಬ ಕಾರಣಕ್ಕೆ ಅದನ್ನು ನಿಲ್ಲಿಸಿದರು.

ಹಾಗಾದರೆ ಕಂಡುಹಿಡಿದವರು ಯಾರು?

ಕ್ಯೂಬಾದಲ್ಲೇ ಕಾಕ್ಸ್‌ಗಿಂತ ಮುಂಚೆ ‘ಕಾಂಚಾಂಚರಾ’ ಎಂಬ ಪಾನೀಯವಿತ್ತು. ಕಬ್ಬಿನ ಕಚ್ಚಾ ಸಾರಾಯಿಗೆ ಜೇನು ಮತ್ತು ನಿಂಬೆ ಸೇರಿಸಿದರೆ ಅದು ಸಿದ್ಧ. 1868ರಲ್ಲಿ ಸ್ಪೇನಿನ ವಿರುದ್ಧ ಎದ್ದ ಸ್ವಾತಂತ್ರ್ಯ ಹೋರಾಟಗಾರರು ಕಾಡಿನ ಬೀಡುಗಳಲ್ಲಿ ಇದನ್ನು ಕುಡಿಯುತ್ತಿದ್ದರು. ಆ ಹೋರಾಟ ಶುರುವಾದದ್ದೇ ಒಂದು ಸಕ್ಕರೆ ಗಿರಣಿಯಲ್ಲಿ. ಗಿರಣಿಯ ಒಡೆಯ ಕಾರ್ಲೋಸ್ ಮಾನುವೆಲ್ ದೆ ಸೆಸ್ಪೆದೆಸ್ 1868ರ ಅಕ್ಟೋಬರ್ 10ರಂದು ಗುಲಾಮರನ್ನು ದುಡಿಮೆಗೆ ಕರೆಯುವ ಗಂಟೆಯನ್ನು ಬಾರಿಸಿ, ಬಂದವರಿಗೆ ‘ಇನ್ನು ನೀವು ಸ್ವತಂತ್ರರು’ ಎಂದು ಸಾರಿದ. ಅವರಲ್ಲಿ ಅನೇಕರು ಅವನ ಜತೆಗೇ ಹೋರಾಟಕ್ಕೆ ಇಳಿದರು.

ಈಗ ಹೇಳಿ, ಡೈಕಿರಿಯನ್ನು ಕಂಡುಹಿಡಿದವರು ಯಾರು? ಬೆರಕೆ ಹಳೆಯದು. ಪಂಚ್ ಕುಡಿದವರು, ಗ್ರಾಗ್ ಕುಡಿದವರು, ಕಾಡಿನ ಹೋರಾಟಗಾರರು ಎಲ್ಲರಿಗೂ ಅದು ಗೊತ್ತಿತ್ತು. ಕಾಕ್ಸ್‌ನ ಕಾಲಕ್ಕೆ ಹೊಸದಾಗಿ ಸೇರಿದ್ದು ಎರಡು. ಒಂದು ಬಕಾರ್ಡಿಯ ತಿಳಿ ರಮ್. ಇನ್ನೊಂದು ಐಸು. ಬಿಸಿಲು ನಾಡಿನಲ್ಲಿ ಐಸು ಸಿಗುವುದೇ ಒಂದು ಕಾಲಕ್ಕೆ ಪವಾಡವಾಗಿತ್ತು. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬಾತ ಚಳಿಗಾಲದಲ್ಲಿ ಕೆರೆಯ ಐಸನ್ನು ಕತ್ತರಿಸಿ 1806ರಲ್ಲಿ ಕೆರಿಬಿಯನ್ನಿಗೆ ಹಡಗಿನಲ್ಲಿ ಕಳಿಸಿದಾಗ ಜನ ನಕ್ಕಿದ್ದರು. ಬಳಿಕ ಅದು ಹವಾನಾಕ್ಕೂ 1833ರಲ್ಲಿ ಕಲ್ಕತ್ತೆಗೂ ಬಂತು. ಮದರಾಸಿನ ಕಡಲತೀರದ ಐಸ್‌ಹೌಸ್ ಕಟ್ಟಡ ಆ ವ್ಯಾಪಾರದ ಗುರುತು. ಮುಂದೆ ಐಸ್ ಕಾರ್ಖಾನೆಗಳು ಬಂದು ಸಾಮಾನ್ಯ ಮನೆಗೂ ಐಸು ದೊರೆಯಿತು. ಕಾಕ್ಸ್‌ಗೆ ಎಲ್ಲವೂ ಒಟ್ಟಿಗೆ ಸಿಕ್ಕಿತು, ಜತೆಗೆ ಬರೆದಿಡಲು ಕಾಗದವೂ ಇತ್ತು. ಬರೆದಿಟ್ಟವನ ಹೆಸರು ಉಳಿಯಿತು.

ಹವಾನಾದಲ್ಲಿ ವೈಭವ

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ಆಗ ಬಾಯಾರಿದ ಅಮೆರಿಕನ್ನರು ಫ್ಲೋರಿಡಾದಿಂದ ಹಡಗು ಹತ್ತಿ ಹವಾನಾಕ್ಕೆ ಬರತೊಡಗಿದರು. ಅಲ್ಲಿನ ‘ಫ್ಲೋರಿಡಿಟಾ’ ಬಾರಿನ ಒಡೆಯ ಕಾನ್‌ಸ್ಟಾಂಟಿನೊ ರಿಬಲೈಗುವಾ ಕೂಡ ಕ್ಯಾಟಲೋನಿಯಾದಿಂದ ವಲಸೆ ಬಂದವನೇ. ಡೈಕಿರಿಯನ್ನು ಹಲವು ಬಗೆಗಳಲ್ಲಿ ತಿದ್ದಿ ತೀಡಿ, ಐಸನ್ನು ಯಂತ್ರದಲ್ಲಿ ಹಿಮದಂತೆ ನುಣ್ಣಗೆ ಮಾಡಿ, ಪಾನೀಯವನ್ನು ಜಗತ್ಪ್ರಸಿದ್ಧಗೊಳಿಸಿದ್ದು ಈತ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಸ್ಕಿ ಭಟ್ಟಿಗಳು ಯುದ್ಧದ ಅಗತ್ಯಗಳಿಗೆ ತಿರುಗಿದ್ದರಿಂದ ಕೆರಿಬಿಯನ್ ರಮ್ಮಿಗೆ ಬೇಡಿಕೆ ಇನ್ನೂ ಏರಿತು.

ಫ್ಲೋರಿಡಿಟಾದ ಅತ್ಯಂತ ಹೆಸರಾದ ಗಿರಾಕಿ ಸಾಹಿತಿ ಅರ್ನೆಸ್ಟ್ ಹೆಮಿಂಗ್‌ವೆ. 1939ರಿಂದ 1960ರವರೆಗೆ ಹವಾನಾದ ಹೊರವಲಯದಲ್ಲಿ ಆತ ವಾಸವಾಗಿದ್ದ. 1954ರಲ್ಲಿ ಬಂದ ನೊಬೆಲ್ ಪದಕವನ್ನು ಕ್ಯೂಬಾದ ಜನತೆಗೇ ಅರ್ಪಿಸಿದ. ಅದನ್ನು ಇರಿಸಿದ್ದು ಸಾಂಟಿಯಾಗೊ ಬಳಿಯ ಎಲ್ ಕೋಬ್ರೆ ಎಂಬ ಗಣಿಯೂರಿನ ಚರ್ಚಿನಲ್ಲಿ. ಸಕ್ಕರೆಯಿಲ್ಲದೆ, ಎರಡು ಪಾಲು ರಮ್ ಹಾಕಿದ ಡೈಕಿರಿ ಅವನಿಗೆ ಇಷ್ಟ. ಇಂದು ಆ ಬಾರಿನ ಮೂಲೆಯಲ್ಲಿ ಅವನ ಕಂಚಿನ ಪ್ರತಿಮೆ ಒರಗಿ ನಿಂತಿದೆ. ಪ್ರವಾಸಿಗರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಆ ಫೋಟೊದಲ್ಲಿ ಕಾಣದ ಸಂಗತಿಯೂ ಇದೆ. ಅತಿಯಾದ ಕುಡಿತ ಅವನ ಆರೋಗ್ಯವನ್ನು ಹದಗೆಡಿಸಿತ್ತು. ದೇಹ, ಮನಸ್ಸು ಎರಡೂ ಕುಗ್ಗಿ 1961ರಲ್ಲಿ, 61ನೇ ವಯಸ್ಸಿನಲ್ಲಿ, ಅವನ ಬದುಕು ದುರಂತವಾಗಿ ಮುಗಿಯಿತು.

ಹುಳಿ-ಸಿಹಿಯ ಲೆಕ್ಕ

ಇರಲಿ, ಈ ಪಾನೀಯದ ಸೊಗಸೇನು? ಬಲ್ಲವರನ್ನು ಕೇಳಿದರೆ ‘ಹದ’ ಎನ್ನುತ್ತಾರೆ. ಅಂತಾರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘ ನಿಗದಿ ಮಾಡಿರುವ ಅಳತೆ 60 ಮಿಲಿಲೀಟರ್ ಬಿಳಿ ರಮ್, 20 ಮಿಲಿಲೀಟರ್ ತಾಜಾ ನಿಂಬೆರಸ, ಎರಡು ಸಣ್ಣ ಚಮಚ ನುಣ್ಣನೆಯ ಸಕ್ಕರೆ. ಬಣ್ಣ, ಹಣ್ಣಿನ ತುಂಡು, ಕ್ರೀಮು ಯಾವುದೂ ಇಲ್ಲ. ಮೂರರಲ್ಲಿ ಒಂದು ಮುಂದಾದರೂ ಕೆಟ್ಟಂತೆಯೇ, ಮುಚ್ಚಿಡಲು ಜಾಗವಿಲ್ಲ. ಆದ್ದರಿಂದಲೇ ಹೊಸಬನ ಕೈಗುಣ ನೋಡಬೇಕಾದರೆ ಡೈಕಿರಿ ಮಾಡಿಸುತ್ತಾರೆ. ನಮ್ಮಲ್ಲಿ ಅಡುಗೆಯವರನ್ನು ತಿಳಿಸಾರಿನಲ್ಲಿ ಪರೀಕ್ಷಿಸುವಂತೆ!

ಈ ಹದದ ವಿಜ್ಞಾನವನ್ನು ಮದ್ಯವಿಲ್ಲದೆಯೇ ಮನೆಯಲ್ಲಿ ನೋಡಬಹುದು. ಮೂರು ಲೋಟಗಳಿಗೆ ಒಂದೇ ಅಳತೆಯ ನೀರು, ಒಂದೊಂದು ಚಮಚ ನಿಂಬೆರಸ ಹಾಕಿ. ಮೊದಲನೆಯದಕ್ಕೆ ಸಕ್ಕರೆ ಬೇಡ, ಎರಡನೆಯದಕ್ಕೆ ಒಂದು ಚಮಚ, ಮೂರನೆಯದಕ್ಕೆ ಎರಡು. ನಾಲಗೆಗೆ ಹುಳಿ ಕಡಿಮೆಯಾಗುತ್ತ ಹೋದಂತೆ ತೋರುತ್ತದೆ. ಈಗ ನೀಲಿ ಲಿಟ್ಮಸ್ ಕಾಗದ ಅದ್ದಿ ನೋಡಿ. ಮೂರರಲ್ಲೂ ಅದು ಕೆಂಪಾಗುತ್ತದೆ. ಸಕ್ಕರೆ ಆಮ್ಲವನ್ನು ಕಳೆಯುವುದಿಲ್ಲ, ಹುಳಿಯ ಅನುಭವವನ್ನಷ್ಟೇ ತಗ್ಗಿಸುತ್ತದೆ.

ಇನ್ನು ಕುಲುಕುವ ಗುಟ್ಟು. ಒಂದು ಗ್ರಾಂ ಐಸು ಕರಗುವಾಗ ಸುತ್ತಲಿಂದ 80 ಕ್ಯಾಲೊರಿ ಶಾಖ ಹೀರಿಕೊಳ್ಳುತ್ತದೆ. ಕುಲುಕಿದಷ್ಟೂ ಐಸಿನ ಮೈಗೆ ಹೊಸ ದ್ರವ ತಾಕಿ ಬೇಗ ತಣಿಯುತ್ತದೆ. ಕರಗಿದ ನೀರು ಹುಳಿ-ಸಿಹಿಗಳ ತೀಕ್ಷ್ಣತೆಯನ್ನೂ ಸಡಿಲಿಸುತ್ತದೆ. ಮದ್ಯ ಬೆರೆತ ದ್ರವ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಐಸಿಗೆ ಉಪ್ಪು ಬೆರೆಸಿ ಕುಲ್ಫಿ ಗಟ್ಟಿ ಮಾಡುವವನು ನಂಬಿರುವುದೂ ಇದೇ ತತ್ವವನ್ನು.

ರಮ್ಮಿನ ಜಾಗದಲ್ಲಿ ಅಷ್ಟೇ ಎಳನೀರು ಹಾಕಿ, ಮೊದಲು ಸಕ್ಕರೆಯನ್ನು ನಿಂಬೆರಸದಲ್ಲಿ ಪೂರ್ತಿ ಕರಗಿಸಿ, ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಐಸಿನೊಂದಿಗೆ ಹದಿನೈದು ಎಣಿಸುವವರೆಗೆ ಜೋರಾಗಿ ಕುಲುಕಿ ಸೋಸಿ. ಡಬ್ಬಿಯ ಹೊರಮೈ ಮಂಜುಗಟ್ಟಿದರೆ ಹದ ಬಂತೆಂದು ತಿಳಿಯಿರಿ. ರಾಮನವಮಿಯ ಪಾನಕ ಕುಡಿದು ಬೆಳೆದ ನಾಲಗೆಗೆ ಇದು ಹೊಸದೆನಿಸದು.

ಲೋಟ ಕೆಳಗಿಡುವ ಮುನ್ನ

ಕಾಲೇಜಿಗೆ ಹೋಗುವ ಮಕ್ಕಳ ಮುಂದೆ ಇಂಥ ಹೆಸರುಗಳು ಸಿನಿಮಾ, ಕಾದಂಬರಿ, ಗೆಳೆಯರ ಮಾತುಗಳಲ್ಲಿ ಬಂದೇ ಬರುತ್ತವೆ. ಮನೆಯಲ್ಲಿ ಆ ಮಾತೆತ್ತಬಾರದೆಂದರೆ ಅವರು ಬೇರೆಡೆ ಕೇಳಿ ತಿಳಿಯುತ್ತಾರೆ. ಹಾಗಾಗಿ ನೇರವಾಗಿ ಹೇಳುವುದೇ ಮೇಲು. ಆಲ್ಕೋಹಾಲು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಸಾರಾಯಿಯಿಂದ ಬೀದಿಗೆ ಬಿದ್ದ ಸಂಸಾರಗಳನ್ನು ಕಂಡ ನಾಡು ನಮ್ಮದು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದರ ಹಿಂದೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರಿತ್ತು. ಸಕ್ಕರೆ, ಹುಳಿ, ಐಸು ಮಾಡುವ ಉಪಕಾರವೆಂದರೆ ಮದ್ಯದ ಖಾರವನ್ನು ಮರೆಮಾಡುವುದು. ಒಳಗೆ ಹೋಗುವ ಪ್ರಮಾಣ ಮಾತ್ರ ಅಷ್ಟೇ ಇರುತ್ತದೆ. ಇಂಥ ಪಾನೀಯಗಳು ಎಳೆಯರಿಗೆ ಹೆಚ್ಚು ಅಪಾಯವಾಗುವುದು ಈ ಕಾರಣಕ್ಕೆ.

ಇನ್ನೊಂದು ಮಾತು. ಕಾಕ್ಸ್, ಬಕಾರ್ಡಿ, ರಿಬಲೈಗುವಾ, ಹೆಮಿಂಗ್‌ವೆ ಇವರ ಹೆಸರು ನಮಗೆ ಗೊತ್ತು. ಗಾಣಕ್ಕೆ ಕಬ್ಬು ಕೊಟ್ಟವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಇದು ದೂರದ ಕ್ಯೂಬಾದ ಮಾತಷ್ಟೇ ಅಲ್ಲ. ಇಂದಿಗೂ ಸುಗ್ಗಿಯ ಕಾಲಕ್ಕೆ ಬೀಡ್ ಮುಂತಾದ ಬರದ ಜಿಲ್ಲೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿ ಸೀಮೆಗೆ ಬರುತ್ತವೆ. ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಜತೆಗೆ ಬರುವ ಮಕ್ಕಳ ಶಾಲೆ ಅಷ್ಟು ದಿನ ತಪ್ಪುತ್ತದೆ. ಬೇಸಿಗೆಯಲ್ಲಿ ನಿಂಬೆ ಶರಬತ್ತು ಕಲಕುವಾಗ ಮಕ್ಕಳು ‘ಅಮ್ಮಾ, ಈ ಸಕ್ಕರೆ ಎಲ್ಲಿಂದ ಬರುತ್ತದೆ?’ ಎಂದು ಕೇಳಿದರೆ ‘ಅಂಗಡಿಯಿಂದ’ ಎಂದಷ್ಟೇ ಹೇಳಿ ಮುಗಿಸಬೇಡಿ. ಆ ಮಕ್ಕಳ ವಿಷಯವನ್ನೂ ಹೇಳಿ.